ಹಗಲು ಅಗ್ಗ, ಇರುಳು ದುಬಾರಿ

ಮುಂಬಯಿ ನೋಡುವ ಆಸೆಯಿದ್ದರೂ ಅಲ್ಲಿನ ಖರ್ಚು ತಡೆಯಲಾಗದು ಎಂದು ಹಿಂಜರಿಯುವವರು ನಮ್ಮಲ್ಲಿ ಬಹಳ ಮಂದಿ. ಅವರ ಹಿಂಜರಿಕೆ ಅರ್ಧ ಸರಿ, ಅರ್ಧ ತಪ್ಪು. ಮೊದಲ ಲೋಕಲ್ ಹೊರಡುವ ಬೆಳಗಿನ ಜಾವದಿಂದ ಕೊನೆಯ ಲೋಕಲ್ ನಿಲ್ಲುವ ನಡುರಾತ್ರಿಯವರೆಗೆ ಆ ನಗರ ಕಿಸೆ ಸಣ್ಣದಿದ್ದವರನ್ನು ಚೆನ್ನಾಗಿಯೇ ನಡೆಸಿಕೊಳ್ಳುತ್ತದೆ. ಕಾಲು ಚಾಚಿ ಮಲಗಲು ಆರಡಿ ಜಾಗ ಕೇಳಿದಾಗ ಮಾತ್ರ ಅದರ ನಿಜವಾದ ಬೆಲೆ ಗೊತ್ತಾಗುತ್ತದೆ.

ಮೊದಲು ಹಗಲಿನ ಮಾತು. ಮಂಗಳೂರಿನಿಂದ ಮಧ್ಯಾಹ್ನ ಹೊರಟ ರೈಲು ಬೆಳ್ಳಂಬೆಳಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ ತಂದು ಬಿಡುತ್ತದೆ. ಹೊರಗೆ ಕಾಲಿಟ್ಟ ಕೂಡಲೇ ಟ್ಯಾಕ್ಸಿ, ರಿಕ್ಷಾದವರು ಮುತ್ತಿಕೊಳ್ಳುತ್ತಾರೆ. ಅವರನ್ನು ದಾಟಿ, ಬ್ಯಾಗು ಹೆಗಲಿಗೇರಿಸಿ ತಿಲಕ್ ನಗರ ಸ್ಟೇಷನ್ನಿನವರೆಗೆ ನಡೆದರೆ ಹಾರ್ಬರ್ ಲೈನಿನ ಲೋಕಲ್ ಹತ್ತು ರೂಪಾಯಿಗೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅಂದರೆ ಸಿಎಸ್‌ಎಂಟಿ ಮುಟ್ಟಿಸುತ್ತದೆ. ಸೆಕೆಂಡ್ ಕ್ಲಾಸಿನ ಕನಿಷ್ಠ ಟಿಕೆಟ್ ಇವತ್ತಿಗೂ 5 ರೂಪಾಯಿ. ಅದೇ ಹಳಿಯ ಮೇಲೆ ಓಡುವ ಎಸಿ ಲೋಕಲ್ಲಿನಲ್ಲಿ ಕನಿಷ್ಠ ದರ 35. ಊರು ಸುತ್ತಲು ಬಂದವರಿಗೆಂದೇ ಒಂದು, ಮೂರು, ಐದು ದಿನಗಳ ಟೂರಿಸ್ಟ್ ಟಿಕೆಟ್ ಇದೆ. ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಬೇಕು. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ದಕ್ಷಿಣಕ್ಕೆ ಹೋಗುವ ಗಾಡಿಗಳಲ್ಲಿ ಲಗೇಜು ಹಿಡಿದು ನಿಲ್ಲಲೂ ಆಗದು, ಆದ್ದರಿಂದ ಅದಕ್ಕೆ ಮೊದಲೇ ಹೊರಟು, ಗಂಟುಮೂಟೆಯನ್ನು ದೊಡ್ಡ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿಟ್ಟು ಕೈಬೀಸಿ ನಡೆಯುವುದು ಲೇಸು.

ಈ ಐದು ರೂಪಾಯಿ ಟಿಕೆಟ್ಟು ತಾನಾಗಿ ಉಳಿದುಕೊಂಡು ಬಂದದ್ದಲ್ಲ. ದರ ಏರಿಸುವ ಮಾತು ಬಂದಾಗಲೆಲ್ಲ ಲೋಕಲ್ ಪ್ರಯಾಣಿಕರು ದನಿ ಎತ್ತಿದ್ದಾರೆ, ಸರ್ಕಾರಗಳು ಅವರಿಗೆ ಅಂಜಿವೆ. ಬೆಸ್ಟ್ ಬಸ್ಸಿನ ಪ್ರಯಾಣಿಕರಿಗೆ ಆ ಬಲ ಇದ್ದಂತಿಲ್ಲ. 2019ರಲ್ಲಿ ಐದು ರೂಪಾಯಿಗೆ ಇಳಿಸಿದ್ದ ಕನಿಷ್ಠ ದರವನ್ನು 2025ರ ಮೇ ತಿಂಗಳಲ್ಲಿ ಒಮ್ಮೆಲೇ ಹತ್ತಕ್ಕೆ ಏರಿಸಿದರು. ಹತ್ತು ರೂಪಾಯಿ ದೊಡ್ಡ ಮೊತ್ತವಲ್ಲ, ನಿಜ. ಆದರೆ ದಿನಕ್ಕೆ ನಾಲ್ಕು ಸಲ ಬಸ್ಸು ಹತ್ತುವ ಮನೆಗೆಲಸದ ಹೆಂಗಸಿನ ಕಡೆಯಿಂದ ಲೆಕ್ಕ ಹಾಕಿದರೆ ಅದು ಬೇರೆಯೇ ಕಾಣುತ್ತದೆ.

ಸಿಎಸ್‌ಎಂಟಿಯಲ್ಲಿ ಇಳಿದವರು ನೋಡಬೇಕಾದ ಮೊದಲ ಕಟ್ಟಡ ಸಿಎಸ್‌ಎಂಟಿಯೇ. 1888ರಲ್ಲಿ ಪೂರ್ಣಗೊಂಡ ಈ ನಿಲ್ದಾಣ 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಕೋಟೆ ಪ್ರದೇಶ, ಹಾರ್ನಿಮನ್ ಸರ್ಕಲ್, 1833ರ ಟೌನ್ ಹಾಲಿನ ಅಗಲವಾದ ಮೆಟ್ಟಿಲುಗಳು. ಕಾಲಾ ಘೋಡಾದಲ್ಲಿರುವ ಜಹಾಂಗೀರ್ ಆರ್ಟ್ ಗ್ಯಾಲರಿ 1952ರದು. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಎಷ್ಟೋ ಮಂದಿ ಬಾಗಿಲಲ್ಲೇ ಅನುಮಾನಿಸಿ ಹಿಂದಿರುಗುವುದನ್ನು ನೋಡಿದ್ದೇನೆ. ದಯವಿಟ್ಟು ಒಳಗೆ ಹೋಗಿ. ಲಕ್ಷಗಟ್ಟಲೆ ಬೆಲೆಯ ಚಿತ್ರದ ಮುಂದೆ ಕಿಸೆಯಲ್ಲಿ ನೂರು ರೂಪಾಯಿ ಇರುವವನೂ ಬೇಕಾದಷ್ಟು ಹೊತ್ತು ನಿಲ್ಲಬಹುದು. ಒಂದಿಷ್ಟು ಮುಂದೆ ಓವಲ್ ಮೈದಾನ. ಅದರ ನಡುವೆ ನಿಂತು ಪೂರ್ವಕ್ಕೆ ತಿರುಗಿದರೆ ಹೈಕೋರ್ಟ್, ವಿಶ್ವವಿದ್ಯಾಲಯ, ರಾಜಾಬಾಯಿ ಗೋಪುರ. ಪಶ್ಚಿಮಕ್ಕೆ ತಿರುಗಿದರೆ 1930ರ ದಶಕದ ಆರ್ಟ್ ಡೆಕೊ ಮನೆಗಳ ಸಾಲು. ಎರಡು ಯುಗಗಳು ಹೀಗೆ ಎದುರುಬದುರು ನಿಂತಿರುವುದಕ್ಕೇ 2018ರಲ್ಲಿ ಯುನೆಸ್ಕೊ ಇದನ್ನೂ ಪಟ್ಟಿಗೆ ಸೇರಿಸಿತು. ಮಧ್ಯದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಭಾನುವಾರ ಕೋಟೆ ಪ್ರದೇಶದ ಕಚೇರಿಗಳಿಗೆಲ್ಲ ರಜೆ, ರಸ್ತೆಗಳು ಖಾಲಿ. ತಲೆ ಎತ್ತಿ ಕಟ್ಟಡ ನೋಡುತ್ತ ನಡೆಯಲು ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಸಂಜೆಗೆ ಮರೀನ್ ಡ್ರೈವ್. ಅಲ್ಲಿನ ಮನೆಗಳ ಬೆಲೆ ನಾವು ಕೇಳುವುದೂ ಬೇಡ. ಆದರೆ ಆ ಮನೆಗಳಿಂದ ಕಾಣುವ ಸಮುದ್ರವೇ ಎದುರಿನ ಕಟ್ಟೆಯ ಮೇಲೆ ಕೂತವರಿಗೂ ಕಾಣುತ್ತದೆ, ಇನ್ನೂ ಹತ್ತಿರದಿಂದ. ಮೂರು ಕಿಲೋಮೀಟರಿಗೂ ಉದ್ದದ ಆ ಕಟ್ಟೆಗೆ ಗೇಟಿಲ್ಲ, ಟಿಕೆಟ್ಟಿಲ್ಲ, ಏನಾದರೂ ಕೊಂಡು ತಿನ್ನಲೇಬೇಕೆಂಬ ಕಟ್ಟುಪಾಡೂ ಇಲ್ಲ. ಊರೊಂದು ಬಡವರಿಗೆ ಕೊಡಬಹುದಾದ ದೊಡ್ಡ ಉಡುಗೊರೆ ಹೀಗೆ ಸುಮ್ಮನೆ ಕೂರಲು ಬಿಡುವ ಜಾಗ ಎಂದು ನಾನು ನಂಬಿದ್ದೇನೆ. ಮಾಲ್‌ಗಳನ್ನು ಕಟ್ಟಿದ ನಮ್ಮ ಊರುಗಳು ಇದನ್ನು ಮರೆತಿವೆ.

ಹೊಟ್ಟೆಯ ವಿಷಯದಲ್ಲಿ ಮುಂಬಯಿ ಯಾರನ್ನೂ ಉಪವಾಸ ಕೆಡವುವುದಿಲ್ಲ. ಗಿರಣಿ ಕೆಲಸಗಾರರ ಕಾಲದಲ್ಲಿ ಹುಟ್ಟಿದ ವಡಾ ಪಾವ್ ಇಂದಿಗೂ ಓಡುತ್ತ ತಿನ್ನುವವರ ಊಟ. ಕೂತು ಉಣ್ಣಬೇಕೆಂದರೆ ಮಾಟುಂಗಾ ಇದೆ. ಅಲ್ಲಿನ ಸ್ಟೇಷನ್ ಪಕ್ಕದಲ್ಲಿ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಈಗಲೂ ಬಾಳೆಎಲೆ ಹಾಕಿ ಬಡಿಸುತ್ತದೆ. ಊರಿನಿಂದ ಒಂಟಿಯಾಗಿ ಬಂದ ಗುಮಾಸ್ತರು, ಬಾಡಿಗೆ ಖೋಲಿಯಲ್ಲಿ ಒಲೆಯಿಲ್ಲದ ಹುಡುಗರು ಹೊಟ್ಟೆ ತುಂಬಿಸಿಕೊಂಡದ್ದು ಇಂಥ ಬೋರ್ಡಿಂಗುಗಳಲ್ಲಿ.

ಹಗಲಿನ ಲೆಕ್ಕದಲ್ಲಿ ಒಂದು ದೊಡ್ಡ ಕೊರತೆಯಿದೆ, ಅದು ಹೆಂಗಸರದು. ಮೂತ್ರಕ್ಕೆ ಗಂಡಸರಿಂದ ದುಡ್ಡು ತೆಗೆದುಕೊಳ್ಳದ ಸಾರ್ವಜನಿಕ ಶೌಚಾಲಯಗಳಲ್ಲಿ ಹೆಂಗಸರು ದುಡ್ಡು ಕೊಡಬೇಕಾಗಿತ್ತು. ಇದನ್ನು ಪ್ರಶ್ನಿಸಿ 2011ರಲ್ಲಿ ‘ರೈಟ್ ಟು ಪೀ’ ಚಳವಳಿ ಶುರುವಾದದ್ದು ಮುಂಬಯಿಯಲ್ಲೇ. ಊರು ಸುತ್ತುವ ಹೆಂಗಸರು ದಿನವಿಡೀ ನೀರು ಕುಡಿಯದೆ ಕಾಲ ತಳ್ಳುವುದು ಇನ್ನೂ ನಿಂತಿಲ್ಲ. ಸೋವಿಯಲ್ಲಿ ಪ್ರವಾಸ ಮಾಡುವುದು ಹೇಗೆ ಎಂದು ಬುದ್ಧಿ ಹೇಳುವ ಬರಹಗಳು ಈ ಮಾತೆತ್ತುವುದೇ ಇಲ್ಲ.

ಇನ್ನು ರಾತ್ರಿ. ಮುಂಬಯಿಗೆ ಬರಿಗೈಯಲ್ಲಿ ಹೋದ ನಮ್ಮ ಕರಾವಳಿಯ ಹುಡುಗರಿಗೆ ಹಿಂದಿನ ಕಾಲದಲ್ಲಿ ಮಲಗುವ ಚಿಂತೆ ಹೋಟೆಲಿನಲ್ಲೇ ಬಗೆಹರಿಯುತ್ತಿತ್ತು. ಹಗಲು ಕಪ್ಪು ಬಸಿ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಮರಳಿ ಬಂದು ಬಾಗಿಲು ಹಾಕಿದ ಹೋಟೆಲಿನ ಬೆಂಚಿನ ಮೇಲೆ ಮಲಗಿದವರು ಎಷ್ಟೋ ಮಂದಿ; ಮುಂದೆ ವಕೀಲರೂ ಹೋಟೆಲ್ ಮಾಲೀಕರೂ ಆದವರು ಅವರಲ್ಲಿದ್ದಾರೆ. ಗೋವಾದವರು ಇನ್ನೂ ಅಚ್ಚುಕಟ್ಟಾದ ದಾರಿ ಕಂಡುಕೊಂಡರು. ಧೋಬಿ ತಲಾವ್, ಗಿರಗಾಂವ್, ಮಜಗಾಂವ್ ಸುತ್ತಮುತ್ತ ಒಂದೊಂದು ಹಳ್ಳಿಯವರೂ ಸೇರಿ ತಮ್ಮ ಹಳ್ಳಿಯ ಹೆಸರಿನಲ್ಲಿ ಒಂದೊಂದು ‘ಕೂಡ್’ ನಡೆಸಿದರು. ಹಡಗಿನ ಕೆಲಸಕ್ಕೆ ಕಾಯುವ ಖಲಾಸಿಗಳು ಅಲ್ಲಿ ಟ್ರಂಕು ಇಟ್ಟು, ಅಲ್ಪಸ್ವಲ್ಪ ದುಡ್ಡು ಕೊಟ್ಟು ಇರುತ್ತಿದ್ದರು. ಗೋಡೆಗೊಂದು ದೇವರ ಪೀಠ, ನೆಲಕ್ಕೆ ಚಾಪೆ, ಬಾಗಿಲಿಗೆ ಊರಿನ ಹೆಸರು. ಅವುಗಳಲ್ಲಿ ಹಲವು ಇಂದಿಗೂ ಉಳಿದಿವೆ, ಕೋಟಿಗಟ್ಟಲೆ ಬಾಳುವ ಜಾಗದಲ್ಲಿ. ಬಿಲ್ಡರುಗಳ ಕಣ್ಣು ಬಿದ್ದರೂ ಹಳ್ಳಿಯವರು ಕೈಬಿಟ್ಟಿಲ್ಲ.

ಈಗ ಇಂಥ ಹಾಸಿಗೆ ಯಾರಿಗೆ ಬೇಕು? ಪರೀಕ್ಷೆಗೆ, ಸಂದರ್ಶನಕ್ಕೆ ಬರುವ ಹುಡುಗ ಹುಡುಗಿಯರಿಗೆ ಬೇಕು. ಪರೆಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಬರುವವರಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕು. 1941ರಲ್ಲಿ ಬಾಗಿಲು ತೆರೆದ ಆ ಆಸ್ಪತ್ರೆಗೆ ದೇಶದ ಮೂಲೆಮೂಲೆಯಿಂದ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರೂ ಇದ್ದಾರೆ. ಕಿಮೊಥೆರಪಿಯ ಎರಡು ಸರದಿಗಳ ನಡುವೆ ಊರಿಗೆ ಹೋಗಿ ಬರುವ ಶಕ್ತಿಯೂ ಹಣವೂ ಇಲ್ಲದವರು ಆಸ್ಪತ್ರೆಯ ಹೊರಗಿನ ಫುಟ್‌ಪಾತಿನಲ್ಲೇ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ದಿನ ಕಳೆಯುತ್ತಾರೆ. ಜುಲೈ ತಿಂಗಳ ಮಳೆಯಲ್ಲೂ. ಮುಂಬಯಿಗೆ ಬರುವ ಪ್ರವಾಸಿಗರ ಲೆಕ್ಕದಲ್ಲಿ ಇವರನ್ನು ಯಾರೂ ಹಿಡಿಯುವುದಿಲ್ಲ. ಆದರೆ ಕೈಯಲ್ಲಿ ಕಡಿಮೆ ದುಡ್ಡು ಹಿಡಿದು ದುಬಾರಿ ಊರಿಗೆ ಬಂದವರೆಂದರೆ ಮೊದಲು ಇವರೇ.

ಇದನ್ನು ನಮಗಿಂತ ಬಹಳ ಮೊದಲೇ ಕಂಡವರು ಸಂತ ಗಾಡ್ಗೆ ಮಹಾರಾಜರು. 1956ರಲ್ಲಿ ತೀರಿಕೊಂಡ, ಓದು ಬರಹ ಕಲಿಯದ ಆ ಮಹಾನುಭಾವ ಕೈಯಲ್ಲಿ ಪೊರಕೆ ಹಿಡಿದು ಹಳ್ಳಿ ಬೀದಿಗಳನ್ನು ಗುಡಿಸಿದರು. ಜನ ಕೊಟ್ಟ ದುಡ್ಡಿನಿಂದ ಒಂದು ಗುಡಿಯನ್ನೂ ಕಟ್ಟದೆ, ಪಂಢರಾಪುರ, ಆಳಂದಿ, ನಾಸಿಕ್, ಮುಂಬಯಿಗಳಲ್ಲಿ ಧರ್ಮಶಾಲೆ ಕಟ್ಟಿಸಿದರು. ದಾದರಿನಲ್ಲಿ ಅವರ ಹೆಸರಿನ ಧರ್ಮಶಾಲೆ ಇಂದಿಗೂ ಕ್ಯಾನ್ಸರ್ ರೋಗಿಗಳಿಗೂ ಜೊತೆಗೆ ಬಂದವರಿಗೂ ನೆಲೆ ಕೊಡುತ್ತಿದೆ. ಬರುವ ಜನಕ್ಕೆ ಅದೊಂದು ಎಲ್ಲಿ ಸಾಕು?

ಸರ್ಕಾರಕ್ಕೆ ಜಾಗವಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ದೊಡ್ಡ ರೈಲು ನಿಲ್ದಾಣಗಳಲ್ಲಿ ಡಾರ್ಮಿಟರಿಗಳಿವೆ. ಟಿಕೆಟ್ ಇದ್ದವರು ಪಿಎನ್‌ಆರ್ ಹಾಕಿ ಹಾಸಿಗೆ ಕಾದಿರಿಸಬಹುದು, ಆದರೆ ಹಾಸಿಗೆಗಳು ಕೆಲವೇ, ಬೇಗ ಮುಗಿದುಹೋಗುತ್ತವೆ. ಇವುಗಳನ್ನು ಹೆಚ್ಚಿಸುವ ಬದಲು 2021ರಲ್ಲಿ ಮುಂಬಯಿ ಸೆಂಟ್ರಲ್ಲಿನಲ್ಲಿ ದೇಶದ ಮೊದಲ ರೈಲ್ವೆ ಪಾಡ್ ಹೋಟೆಲ್ ತೆರೆದರು. ಒಬ್ಬರು ನುಸುಳಿ ಮಲಗುವಷ್ಟು ಗೂಡಿಗೆ ಆರಂಭದ ದರ 12 ಗಂಟೆಗೆ 999 ರೂಪಾಯಿ. ಅಚ್ಚುಕಟ್ಟಾಗಿದೆ, ಎಸಿ ಇದೆ, ಕೆಲಸದ ಮೇಲೆ ಓಡಾಡುವವರಿಗೆ ಅನುಕೂಲವೂ ಹೌದು. ಐದು ರೂಪಾಯಿ ಟಿಕೆಟ್ಟಿನಲ್ಲಿ ಬಂದವನಿಗೆ ಅದು ಎಟುಕದು. ಹಳಿಯ ಮೇಲೆ ಬಡವನನ್ನು ನೆನೆಯುವ ರೈಲ್ವೆ ಪ್ಲಾಟ್‌ಫಾರ್ಮಿನಿಂದ ಹೊರಗೆ ಬರುತ್ತಲೇ ಅವನನ್ನು ಮರೆಯಬಾರದು.

ಮುಂಬಯಿಯ ಕನ್ನಡ ಸಂಘಗಳ ಹಿರಿಯರಲ್ಲಿ ಒಂದು ಬಿನ್ನಹ. ಸಭಾಂಗಣಗಳನ್ನು ಕಟ್ಟಿದ್ದೀರಿ, ನಾಟಕ, ಯಕ್ಷಗಾನ ಆಡಿಸಿದ್ದೀರಿ; ನಿಮ್ಮ ಹಿಂದಿನ ತಲೆಮಾರು ರಾತ್ರಿಶಾಲೆಗಳನ್ನು ನಡೆಸಿತು. ಹೊಸ ಕಟ್ಟಡದ ನಕ್ಷೆ ಬರೆಸುವಾಗ ಒಂದು ಮಹಡಿಯನ್ನು ಹಾಸಿಗೆಗಳಿಗೆ ಬಿಡಿ. ಜಾತಿ, ಜಿಲ್ಲೆ ಕೇಳದೆ, ಆಸ್ಪತ್ರೆ ಚೀಟಿಯನ್ನೋ ಪರೀಕ್ಷೆಯ ಹಾಲ್ ಟಿಕೆಟ್ಟನ್ನೋ ನೋಡಿ ಕೊಡುವ ಹಾಸಿಗೆಗಳು.

ಇದೇ ಮಾತನ್ನು ಬೆಂಗಳೂರಿಗೂ ಹೇಳಬೇಕು. ಬೀದರಿನವರಿಗೆ, ರಾಯಚೂರಿನವರಿಗೆ ಈಗ ಬೆಂಗಳೂರೇ ದುಬಾರಿ ಊರು. ಅವರು ಕಿದ್ವಾಯಿ ಆಸ್ಪತ್ರೆಗೆ ಬರುತ್ತಾರೆ, ನಿಮ್ಹಾನ್ಸ್‌ಗೆ ಬರುತ್ತಾರೆ, ಕೆಪಿಎಸ್‌ಸಿ ಪರೀಕ್ಷೆಗೆ ಬರುತ್ತಾರೆ. ಹಗಲಿನ ಅಗ್ಗವೂ ಇಲ್ಲಿ ಕರಗುತ್ತಿದೆ: 2025ರ ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ದರ 90 ರೂಪಾಯಿಗೆ ಏರಿತು. ಹೆಂಗಸರಿಗೆ 2023ರಿಂದ ಶಕ್ತಿ ಯೋಜನೆಯಡಿ ಬಸ್ಸು ಉಚಿತವಾಗಿರುವುದು ದೊಡ್ಡ ಆಸರೆ, ಆದರೆ ಉಚಿತವಾಗಿ ಬಂದಿಳಿದ ತಾಯಿ ಮಗಳು ರಾತ್ರಿ ಎಲ್ಲಿರಬೇಕು? ಹತ್ತು ರೂಪಾಯಿಗೆ ಮಾನದಿಂದ ಊಟ ಹಾಕಬಹುದೆಂದು 2017ರಲ್ಲಿ ಇಂದಿರಾ ಕ್ಯಾಂಟೀನ್ ತೆರೆದು ತೋರಿಸಿದ ಊರು ಇದು. ಹಾಸಿಗೆಗೂ ಅಂಥದೇ ಒಂದು ಏರ್ಪಾಡು ಆಗಬೇಕು: ಗೋಡೆಯ ಮೇಲೆ ಬರೆದಿಟ್ಟ ದರ, ಬೀಗ ಹಾಕುವ ಪೆಟ್ಟಿಗೆ, ಸ್ನಾನಕ್ಕೆ ನೀರು, ರಾತ್ರಿಯಿಡೀ ಕಾವಲು. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದ ಹತ್ತಿರ ಮೊದಲ ಇನ್ನೂರು ಹಾಸಿಗೆಗಳು ಬರಲಿ, ಅದರಲ್ಲಿ ನೂರು ಹೆಂಗಸರಿಗೆ ಮೀಸಲಿರಲಿ.