ಒತ್ತಕ್ಷರಕ್ಕೆ ಇಂಬಿಲ್ಲದ ಪುಟ

ಜಾಲತಾಣಗಳ ರಚನೆಯಲ್ಲಿ ಕೆಲವು ರೂಢಿಗಳು ಬೇರೂರಿವೆ. ಸಂಸ್ಥೆಯ ಲಾಂಛನವು ಪುಟದ ಎಡಮೇಲ್ತುದಿಯಲ್ಲಿರುತ್ತದೆ; ಅದನ್ನು ಒತ್ತಿದರೆ ಮುಖಪುಟ ಬರುತ್ತದೆ. ಹುಡುಕುವ ಪೆಟ್ಟಿಗೆ ಮೇಲ್ಗಡೆ, ವಿಳಾಸ ಅಡಿಯಲ್ಲಿ. ಮೊಬೈಲಿನಲ್ಲಿ ಒಂದರ ಕೆಳಗೊಂದು ಎಳೆದ ಮೂರು ಗೆರೆಗಳೆಂದರೆ ವಿಷಯಪಟ್ಟಿ. ಈ ಚಿಹ್ನೆ 1981ರ ಜೆರಾಕ್ಸ್ ಸ್ಟಾರ್ ಗಣಕಯಂತ್ರದಷ್ಟು ಹಳೆಯದು. ಇವುಗಳನ್ನು ಯಾವ ಶಾಸನವೂ ವಿಧಿಸಲಿಲ್ಲ. ಒಂದು ತಾಣದಲ್ಲಿ ಕಲಿತದ್ದು ಇನ್ನೊಂದರಲ್ಲಿ ಉಪಯೋಗಕ್ಕೆ ಬರುವುದರಿಂದ ಉಳಿದುಕೊಂಡವು. ಹೊಸತನದ ಹಂಬಲಕ್ಕಾಗಿ ಇವನ್ನು ಕದಲಿಸುವುದು ಜಾಣತನವಲ್ಲವೆಂದೇ ನನ್ನ ಮತ.

ಆದರೆ ರೂಢಿಗಳಲ್ಲಿ ಎರಡು ಬಗೆ ಉಂಟು. ಲಾಂಛನದ ಸ್ಥಾನವು ಎಡದಿಂದ ಬಲಕ್ಕೆ ಬರೆಯುವ ಯಾವ ಲಿಪಿಗೂ ಒಗ್ಗೀತು. ಸಾಲಿನ ಎತ್ತರ, ಗುಂಡಿಯ ಅಗಲ, ಪದದ ಅಡಿಗೆರೆ ಇವು ಹಾಗಲ್ಲ. ಇವು ರೋಮನ್ ಅಕ್ಷರಗಳ ಮೈಯಳತೆಗೆ ಹೊಲಿದ ಅಂಗಿಗಳು. ಅವನ್ನು ಹಾಗೆಯೇ ಕನ್ನಡಕ್ಕೆ ತೊಡಿಸಿದರೆ ಏನಾಗುವುದೆಂಬುದನ್ನು ಬೆಳಗಾವಿ ಜಿಲ್ಲೆಯ ಊರುಗಳ ಹೆಸರುಗಳಲ್ಲಿಯೇ ನೋಡಬಹುದು.

ದೊಡವಾಡ ಎಂದು ಬರೆಯಿರಿ. ಒತ್ತಕ್ಷರವೇ ಇಲ್ಲ, ಎಂತಹ ಇಕ್ಕಟ್ಟಿನಲ್ಲಿಟ್ಟರೂ ಹೆಸರು ಅಖಂಡವಾಗಿ ಉಳಿಯುತ್ತದೆ. ಅದರ ತಾಲೂಕು ಕೇಂದ್ರವಾದ ಬೈಲಹೊಂಗಲದಲ್ಲಿ ಐತ್ವದ ಗುರುತು ಕೆಳಗಿಳಿದಿದೆ. ಅದು ಕತ್ತರಿಸಿಹೋದರೆ ಉಳಿಯುವುದು 'ಬೆಲಹೊಂಗಲ'. ಸವದತ್ತಿ 'ಸವದತಿ'ಯಾಗುತ್ತದೆ, ಚನ್ನಮ್ಮನ ಕಿತ್ತೂರು 'ಚನಮನ ಕಿತೂರು' ಆಗುತ್ತದೆ. ರಾಮದುರ್ಗ ಮಾತ್ರ ಪಾರಾಗುತ್ತದೆ, ಏಕೆಂದರೆ ಅರ್ಕಾವತ್ತು ಸಾಲಿನ ಮಟ್ಟದಲ್ಲಿಯೇ ಬಲಗಡೆ ಕುಳಿತಿರುತ್ತದೆ. (ಕತ್ತೆಯು ಕತೆಯಾಗುವುದೂ ಹೀಗೆಯೇ.)

ಕಾರಣ ಸರಳವಾದುದು. ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಎಂಬ ಶೈಲಿಭಾಷೆ 1996ರಲ್ಲಿ ಮಾನ್ಯವಾಯಿತು. ಅದರಲ್ಲಿ ಸಾಲಿನ ಎತ್ತರವನ್ನು ಅಕ್ಷರಗಾತ್ರದ ಇಷ್ಟು ಪಟ್ಟು ಎಂದು ತಿಳಿಸಬಹುದು. ರೋಮನ್ ಲಿಪಿಗೆ 1.2 ಪಟ್ಟು ಸಾಕಾದೀತು: 16 ಪಿಕ್ಸೆಲ್ ಅಕ್ಷರಕ್ಕೆ ಸುಮಾರು 19 ಪಿಕ್ಸೆಲ್. ವಿನ್ಯಾಸಕನು ಇದೇ ಲೆಕ್ಕದಲ್ಲಿ ಪೆಟ್ಟಿಗೆಯ ಎತ್ತರವನ್ನು ಕಟ್ಟಿಹಾಕಿ, ಹೊರಚಾಚಿದ್ದನ್ನು ಮರೆಮಾಡೆಂದು ಸೂಚಿಸಿದರೆ ಒತ್ತಕ್ಷರ ಮಾಯವಾಗುತ್ತದೆ. ಮರೆಮಾಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕೊಂಡಿಗಳಿಗೆ ಎಳೆಯುವ ಅಡಿಗೆರೆಯೂ ಒತ್ತು ಕೂರುವ ಜಾಗದಲ್ಲಿಯೇ ಹಾಯುತ್ತದೆ. ದೊಡ್ಡಕ್ಷರಗಳಿಂದ ಶೀರ್ಷಿಕೆಯನ್ನು ಎತ್ತಿ ತೋರಿಸುವ ಉಪಾಯವಂತೂ ನಮಗಿಲ್ಲವೇ ಇಲ್ಲ.

ಇದೆಲ್ಲ ಚೆಲುವಿನ ಮಾತು, ಕೆಲಸ ನಡೆದರೆ ಸಾಲದೆ ಎನ್ನುವವರುಂಟು. ಯಂತ್ರದ ಸ್ಮೃತಿಯಲ್ಲಿ ಹೆಸರು ಸರಿಯಾಗಿಯೇ ಇರುತ್ತದೆಂಬುದೂ ನಿಜ. ಆದರೆ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಿ, ಕೊನೆಯ ಗುಂಡಿ ಒತ್ತುವ ಮೊದಲು ತನ್ನ ಹೆಸರನ್ನು ತಾಳೆ ನೋಡುವ ಹುಡುಗಿಯನ್ನು ನೆನೆಯಿರಿ. 'ಪಟ್ಟಣಶೆಟ್ಟಿ' ಎಂಬುದು ತೆರೆಯ ಮೇಲೆ 'ಪಟಣಶೆಟಿ' ಎಂದು ಕಂಡರೆ, ಅದು ತಾನು ಬೆರಳಚ್ಚಿಸುವಾಗ ಬಿಟ್ಟ ಒತ್ತೋ ಪೆಟ್ಟಿಗೆ ನುಂಗಿದ ಒತ್ತೋ ಎಂದು ಆಕೆ ಹೇಗೆ ತಿಳಿಯಬೇಕು? ಪಹಣಿಯನ್ನು, ಆ ಸೀಮೆಯ ಮಾತಿನಲ್ಲಿ ಉತಾರವನ್ನು, ಮೊಬೈಲಿನಲ್ಲಿ ನೋಡುವ ರೈತನ ಪಾಡೂ ಇದೇ. ನೋಡಿ ಖಚಿತಪಡಿಸಿಕೊಳ್ಳಿರೆಂದು ಕೇಳುವ ಪುಟವೇ ನೋಡಲು ಬಿಡದಿರುವುದು ಅನ್ಯಾಯ.

ಪರಿಹಾರಕ್ಕೆ ಹಣ ಬೇಕಿಲ್ಲ. ಪೆಟ್ಟಿಗೆಯ ಎತ್ತರವನ್ನು ಕಟ್ಟದೆ ಬರಹದೊಡನೆ ಬೆಳೆಯಗೊಡಬೇಕು; ಅಡಿಗೆರೆಯನ್ನು ಕೆಳಕ್ಕೆ ಸರಿಸುವ ಸೂಚನೆಯೂ ಇಂದಿನ ಶೈಲಿಭಾಷೆಯಲ್ಲಿದೆ. ವರ್ಲ್ಡ್ ವೈಡ್ ವೆಬ್ ಒಕ್ಕೂಟವು 2018ರಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ, ಓದುಗನು ಸಾಲಿನ ಎತ್ತರವನ್ನು 1.5 ಪಟ್ಟಿಗೆ ಏರಿಸಿಕೊಂಡರೂ ಯಾವ ಬರಹವೂ ಕಾಣೆಯಾಗಕೂಡದು. ಕನ್ನಡಕ್ಕೆ ಆ 1.5ರಿಂದಲೇ ಆರಂಭಿಸುವುದು ಲೇಸು. ಪುಟ ರಚಿಸುವುದನ್ನು ಕಲಿಯುತ್ತಿರುವ ವಿದ್ಯಾರ್ಥಿಗಳು ಪರೀಕ್ಷೆಗೆಂದು ದೊಡವಾಡವನ್ನು ಬರೆದು ತೃಪ್ತರಾಗದೆ, ಚನ್ನಮ್ಮನ ಕಿತ್ತೂರನ್ನು ಎರಡು ಸಾಲುಗಳಲ್ಲಿ ಬರೆದು ಚಿಕ್ಕ ಮೊಬೈಲಿನಲ್ಲಿ ನೋಡಲಿ.