ಕಟ್ಟಿಗೆಯೊಳಗಿನ ಹಾವು

ಹುತ್ತಕ್ಕೆ ಹಾಲೆರೆದು, ಹಿತ್ತಿಲಲ್ಲಿ ಕಂಡ ಜೀವಂತ ಹಾವಿಗೆ ಬಡಿಗೆ ಎತ್ತುವ ವೈರುಧ್ಯವನ್ನು ಬಸವಣ್ಣನವರು 12ನೆಯ ಶತಮಾನದಲ್ಲಿಯೇ ಗುರುತಿಸಿದ್ದರು. ಇಂದು ಇದರೊಡನೆ ಮೂರನೆಯ ರೂಢಿಯೊಂದು ಸೇರಿಕೊಂಡಿದೆ: ಹಾವು ಹಿಡಿಯುವವರನ್ನು ಕರೆಸಿ, ದೂರದ ಕಾಡಿಗೆ ಬಿಡಿಸಿ, ಜೀವದಯೆ ತೋರಿದೆವೆಂದು ಸಮಾಧಾನಪಡುವುದು. ಪೂಜೆ, ಕೊಲೆ, ಸಾಗಾಟ ಈ ಮೂರರ ಹಿಂದೆಯೂ ಇರುವ ಕೊರತೆ ಒಂದೇ ಎಂಬುದು ನನ್ನ ಅಭಿಪ್ರಾಯ. ಹಾವಿನೊಡನೆ ಬಾಳುವ ದಿನನಿತ್ಯದ ಎಚ್ಚರ ಈ ಮೂರರಲ್ಲಿಯೂ ಇಲ್ಲ.

ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬರುವ ಪಾರ್ಶ್ವನಾಥನ ಕಥೆ ಈ ದೃಷ್ಟಿಯಿಂದ ಮತ್ತೊಮ್ಮೆ ಓದತಕ್ಕದ್ದು. ಪಂಚಾಗ್ನಿಯ ನಡುವೆ ತಪಸ್ಸು ಮಾಡುತ್ತಿದ್ದ ತಾಪಸನೊಬ್ಬ ಬೆಂಕಿಗಾಗಿ ಕಟ್ಟಿಗೆ ಸೀಳಲು ಕೊಡಲಿ ಎತ್ತುತ್ತಾನೆ. ಒಳಗೆ ಜೀವಿಗಳಿವೆಯೆಂದು ರಾಜಕುಮಾರ ಪಾರ್ಶ್ವನು ತಡೆಯುತ್ತಾನೆ. ತಾಪಸನು ಕೇಳುವುದಿಲ್ಲ, ಕಟ್ಟಿಗೆಯೊಡನೆ ಸರ್ಪದಂಪತಿಯೂ ತುಂಡಾಗುತ್ತದೆ. ಧರಣೇಂದ್ರ-ಪದ್ಮಾವತಿಯರ ಜನ್ಮವೃತ್ತಾಂತವೆಂದೇ ನಾವು ಸಾಮಾನ್ಯವಾಗಿ ಈ ಪ್ರಸಂಗವನ್ನು ನೆನೆಯುತ್ತೇವೆ. ಆದರೆ ಇಲ್ಲಿಯ ತಾಪಸನಿಗೆ ಹಾವನ್ನು ಕೊಲ್ಲುವ ಉದ್ದೇಶವಿರಲಿಲ್ಲ ಎಂಬುದು ಗಮನಾರ್ಹ. ಅವನು ನೋಡಲಿಲ್ಲ, ಹೇಳಿದಾಗಲೂ ನೋಡಲೊಪ್ಪಲಿಲ್ಲ. ಅವನ ಅಪರಾಧ ಕ್ರೌರ್ಯವಲ್ಲ, ಪ್ರಮಾದ.

ಪ್ರಮಾದಕ್ಕೆ ಮದ್ದಾಗಿ ಜೈನ ಆಚಾರಶಾಸ್ತ್ರವು ಮುನಿಗಳಿಗೆ ಐದು ಸಮಿತಿಗಳನ್ನು ವಿಧಿಸಿದೆ. ಅವುಗಳಲ್ಲಿ ಈರ್ಯಾಸಮಿತಿಯೆಂದರೆ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುವುದು. ಆದಾನನಿಕ್ಷೇಪಣ ಸಮಿತಿಯೆಂದರೆ ಯಾವುದೇ ವಸ್ತುವನ್ನು ಪರೀಕ್ಷಿಸಿ ಎತ್ತುವುದು, ಪರೀಕ್ಷಿಸಿ ಇಡುವುದು. ವಿಧಿ ಮುನಿಗಳದಾದರೂ ಅದರ ವಿವೇಕ ಗೃಹಸ್ಥರಿಗೂ ಸಲ್ಲುತ್ತದೆ. ಕತ್ತಲಲ್ಲಿ ಟಾರ್ಚ್ ಹಿಡಿದು ನಡೆಯುವುದು, ಸೌದೆ, ತೆಂಗಿನಗರಿ, ಇಟ್ಟಿಗೆಗಳ ರಾಶಿಗೆ ನೋಡದೆ ಕೈಹಾಕದಿರುವುದು, ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಚಾಪೆಯಡಿ ಸೇರಿಸುವುದು: ಇವು ಹಾವನ್ನೂ ಉಳಿಸುತ್ತವೆ, ಮನುಷ್ಯನನ್ನೂ ಉಳಿಸುತ್ತವೆ. ಕಾಳು ಚೆಲ್ಲಿದಲ್ಲಿಗೆ ಇಲಿ, ಇಲಿಯಿದ್ದಲ್ಲಿಗೆ ಹಾವು ಬರುತ್ತದೆ. ಕಣಜವನ್ನು ಭದ್ರಪಡಿಸಿದವನು ಬಡಿಗೆ ಹುಡುಕುವ ಪ್ರಸಂಗವೇ ಕಡಿಮೆ.

ದೂರ ಸಾಗಿಸುವುದು ನಿರುಪದ್ರವಿ ಎನ್ನುವಂತಿಲ್ಲ. ಆಗುಂಬೆಯಲ್ಲಿ ಕಾಳಿಂಗ ಸರ್ಪಗಳಿಗೆ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ನಡೆಸಿದ ಅಧ್ಯಯನದಲ್ಲಿ, ದೂರ ಒಯ್ದು ಬಿಟ್ಟ ಹಾವು ತನ್ನ ನೆಲೆಯಲ್ಲಿಯೇ ಉಳಿದ ಹಾವಿಗಿಂತ ಹೆಚ್ಚು ಅಲೆದಾಡಿದ್ದು ಕಂಡುಬಂದಿತು. ಬಿಲ, ನೀರು, ಬೇಟೆಯ ಪರಿಚಯವಿಲ್ಲದ ನೆಲದಲ್ಲಿ ಹಾವು ನಿರಾಶ್ರಿತ. ವಿಷವಿಲ್ಲದ ಕೇರೆಹಾವು ತಾನಾಗಿ ಹರಿದುಹೋಗಲು ದಾರಿ ಬಿಡುವುದೇ ಲೇಸು. ಮನೆಯೊಳಗೆ ವಿಷದ ಹಾವು ಹೊಕ್ಕಾಗ ಮಾತ್ರ ಬಲ್ಲವರನ್ನು ಕರೆಸಿ, ಸಮೀಪದ ಪೊದೆಗೇ ಬಿಡಿಸಬಹುದು.

ಇಲ್ಲೊಂದು ಆಕ್ಷೇಪವನ್ನು ಎದುರಿಸಲೇಬೇಕು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಮಂದಿ ಎಂಬ ಅಂದಾಜಿದೆ, ಬಹುಪಾಲು ಹಳ್ಳಿಗರು. ಬರಿಗಾಲಲ್ಲಿ ಗದ್ದೆಗಿಳಿಯುವ ರೈತನಿಗೆ ಪಟ್ಟಣದ ಓದುಗನು ದಯೆಯನ್ನು ಉಪದೇಶಿಸುವುದು ಸುಲಭ. ಆದುದರಿಂದ ರೈತನ ಕಾಲಿಗೆ ಬೂಟು, ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿವಿಷ, ಅಲ್ಲಿಗೆ ತಲುಪಲು ವಾಹನ ಇವು ಕೂಡ ಅಹಿಂಸೆಯ ಉಪಕರಣಗಳೇ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಈ ದಿಕ್ಕಿನಲ್ಲಿ ಯೋಗ್ಯ ಹೆಜ್ಜೆ. ಬದುಕುವ ಭರವಸೆಯಿರುವವನಿಗೆ ಹಾವನ್ನು ಬದುಕಲು ಬಿಡುವುದು ಕಷ್ಟವಾಗದು.

ದಯೆಯನ್ನು ಹೃದಯದ ಗುಣವೆಂದೇ ನಮ್ಮ ವಿಮರ್ಶೆ ವರ್ಣಿಸುತ್ತ ಬಂದಿದೆ. ನಮ್ಮ ಪುರಾಣ, ಆಚಾರಗ್ರಂಥಗಳನ್ನು ಒಟ್ಟಿಗೆ ಇಟ್ಟು ಓದಿದರೆ ಅದು ಮೊದಲು ಕಣ್ಣಿನ, ಕೈಯ ಶಿಸ್ತು ಎಂಬುದು ತಿಳಿಯುತ್ತದೆ. ಕೊಡಲಿ ಎತ್ತುವ ಮೊದಲು ಕಟ್ಟಿಗೆಯನ್ನು ಒಮ್ಮೆ ತಿರುಗಿಸಿ ನೋಡಲು ಯಾವ ತಪಸ್ಸೂ ಬೇಕಿಲ್ಲ.