ಹುಬ್ಬಳ್ಳಿ ಟೈಗರ್ಸ್‌ಗೆ ಹುಬ್ಬಳ್ಳಿ ಹುಡುಗರು ಬೇಕೋ ಬ್ಯಾಡೋ?

2025ರ ಮಹಾರಾಜ ಟ್ರೋಫಿ ಫೈನಲ್ ನೆನಪದ ಅಲ್ರಿ? ಆಗಸ್ಟ್ 28, ಮೈಸೂರು. ನಮ್ಮ ಹುಬ್ಬಳ್ಳಿ ಟೈಗರ್ಸ್ ಮೊದಲು ಬ್ಯಾಟ್ ಮಾಡಿ ಗಳಿಸಿದ್ದು 8 ವಿಕೆಟಿಗೆ 154. ಆಮೇಲೆ ಮಳೆ ಬಂತು, ಲೆಕ್ಕ ಹಾಕಿದರು, ಮಂಗಳೂರು ಡ್ರ್ಯಾಗನ್ಸ್ ಕಪ್ ಎತ್ತಿಕೊಂಡು ಹೋಯಿತು. (ಆ ಲೆಕ್ಕ ಡಕ್‌ವರ್ತ್-ಲೂಯಿಸ್ ಅಲ್ಲ, ವಿಜೆಡಿ. ಅದನ್ನ ಕಂಡುಹಿಡಿದವರು ಕೇರಳದ ಸಿವಿಲ್ ಎಂಜಿನಿಯರ್ ವಿ. ಜಯದೇವನ್. ಸಿವಿಲ್ ಬ್ರಾಂಚ್‌ನವರು ಇದನ್ನ ಹೇಳಿಕೊಂಡು ತಿರುಗಬಹುದು.) ಮಳೆ ಮೇಲೆ ಸಿಟ್ಟು ಮಾಡಿಕೊಂಡರೆ ಉಪಯೋಗ ಇಲ್ಲ. ಟಿ20 ಫೈನಲ್‌ನಲ್ಲಿ 154 ಅಂದರ ಸಾಲೋದಿಲ್ಲ, ಅಷ್ಟೇ.

ಅವತ್ತಿನಿಂದ ನಮ್ಮ ಕ್ಯಾಂಟೀನಿನಲ್ಲಿ ಒಂದೇ ಚರ್ಚೆ: ಮುಂದಿನ ಹರಾಜಿನಲ್ಲಿ ಯಾರನ್ನ ತಗೋಬೇಕು? ಒಬ್ಬ ಒಂದು ಹೆಸರು ಹೇಳ್ತಾನ, ಇನ್ನೊಬ್ಬ ಅದಕ್ಕಿಂತ ದೊಡ್ಡ ಹೆಸರು ಹೇಳ್ತಾನ. ಎಲ್ಲಾ ಐಪಿಎಲ್ ಆಡಿದವರೇ. ನನಗೆ ಈ ಚರ್ಚೆ ಶುರುವಾಗೋ ಜಾಗಾನೇ ತಪ್ಪು ಅನಿಸುತ್ತದೆ. "ಯಾರು ಬೇಕು" ಅನ್ನೋದಕ್ಕಿಂತ ಮೊದಲು "ಯಾವ ಕೆಲಸಕ್ಕೆ ಬೇಕು" ಅಂತ ಕೇಳಬೇಕು. ಆಮೇಲೆ "ಎಲ್ಲಿ ಹುಡುಕಬೇಕು" ಅಂತ. ಈ ಎರಡನೇ ಪ್ರಶ್ನೆಗೆ ನಮ್ಮೂರಿನ ಹೆಸರಿಟ್ಟುಕೊಂಡ ತಂಡ ಸರಿಯಾಗಿ ಉತ್ತರ ಕೊಡಬೇಕಾಗಿದೆ, ಮತ್ತು ಅದರಲ್ಲಿ ನಮ್ಮ ಕಾಲೇಜುಗಳದ್ದೂ ಪಾಲು ಇದೆ ಅನ್ನೋದು ನನ್ನ ವಾದ.

ಮೊದಲನೇ ಪ್ರಶ್ನೆಗೆ ಉದಾಹರಣೆ ಹುಡುಕಲು ದೂರ ಹೋಗೋದು ಬ್ಯಾಡ, ಆರ್‌ಸಿಬಿ ಸಾಕು. 2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ ಕೊಟ್ಟರು. 2021ರಲ್ಲಿ ಕೈಲ್ ಜೇಮಿಸನ್‌ಗೆ 15 ಕೋಟಿ. ಹೆಸರು ದೊಡ್ಡದು, ಕಪ್ ಬರಲಿಲ್ಲ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ಹರಾಜು ನಡೆದಾಗ ಮಾತ್ರ ಬೇರೆ ಥರ ಕೂತಿದ್ದರು. ಮೊದಲ ದಿನ ಮುಗಿದಾಗ ನಮ್ಮ ಹಾಸ್ಟೆಲ್ ಗ್ರೂಪ್ ತುಂಬ ಬರೀ ಬೈಗುಳ: "ಇಷ್ಟು ದುಡ್ಡು ಇಟ್ಕೊಂಡು ಏನ್ ಮಾಡಾಕತ್ತಾರ ಇವರು?" ಅಂತ. ಆದರೆ ಅವರು ಕೆಲಸಕ್ಕೆ ತಕ್ಕ ಹಂಗ ಜನ ಆರಿಸಿದ್ದರು. ಪವರ್‌ಪ್ಲೇಗೆ ಫಿಲ್ ಸಾಲ್ಟ್, ಹೊಸ ಚೆಂಡಿಗೆ ಹೇಜಲ್‌ವುಡ್ ಮತ್ತು ಭುವನೇಶ್ವರ್, ಕೊನೆಗೆ ಬಡಿಯಲು ಜಿತೇಶ್ ಶರ್ಮಾ. ಟಿಮ್ ಡೇವಿಡ್ ಬರೀ 3 ಕೋಟಿಗೆ ಸಿಕ್ಕ. 5.75 ಕೋಟಿಯ ಕೃಣಾಲ್ ಪಾಂಡ್ಯ 2025ರ ಜೂನ್ 3ರ ಫೈನಲ್‌ನಲ್ಲಿ 17 ರನ್ನಿಗೆ 2 ವಿಕೆಟ್ ತೆಗೆದು ಪಂದ್ಯಶ್ರೇಷ್ಠನಾದ. ಅದೇ ತಂಡದ ನಾಯಕ ರಜತ್ ಪಾಟೀದಾರ್ 2022ರ ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದವನು. ಗಾಯಗೊಂಡ ನಮ್ಮ ಲವನೀತ್ ಸಿಸೋಡಿಯಾ ಬದಲಿಗೆ 20 ಲಕ್ಷಕ್ಕೆ ಬಂದು ಎಲಿಮಿನೇಟರ್‌ನಲ್ಲಿ ಅಜೇಯ 112 ಹೊಡೆದ.

ಈಗ ಟೈಗರ್ಸ್ ಲೆಕ್ಕಕ್ಕೆ ಬರೋಣ. ಮಹಾರಾಜ ಟ್ರೋಫಿಯಲ್ಲಿ ಒಂದು ತಂಡಕ್ಕೆ ಖರ್ಚಿನ ಮಿತಿ 50 ಲಕ್ಷ. 2025ರ ಹರಾಜಿನಲ್ಲಿ ದೇವದತ್ತ ಪಡಿಕ್ಕಲ್‌ಗೆ 13.20 ಲಕ್ಷ, ಅಭಿನವ್ ಮನೋಹರ್‌ಗೆ 12.20 ಲಕ್ಷ. ಇಬ್ಬರಿಗೇ ಅರ್ಧ ಪರ್ಸ್ ಖಾಲಿ. ಇದು ತಪ್ಪು ಅಂತ ನಾನು ಹೇಳ್ತಾ ಇಲ್ಲ. ಮನೋಹರ್ 2024ರಲ್ಲಿ ಶಿವಮೊಗ್ಗ ಪರ ಒಂದೇ ಸೀಸನ್‌ನಲ್ಲಿ 52 ಸಿಕ್ಸ್ ಹೊಡೆದವನು, ಅಂಥವನಿಗೆ ದುಡ್ಡು ಕೊಡಲೇಬೇಕು. ಆದರೆ ತಂಡ ಅಂದರೆ ಇಬ್ಬರಲ್ಲ, 16ರಿಂದ 18 ಜನ. ಉಳಿದ ಅರ್ಧ ದುಡ್ಡಿನಲ್ಲಿ ಬರೋ ಆ ಹದಿನಾಲ್ಕೋ ಹದಿನಾರೋ ಹುಡುಗರನ್ನ ಯಾರು ಚೆನ್ನಾಗಿ ಹುಡುಕ್ತಾರೋ ಅವರು ಗೆಲ್ಲುತ್ತಾರೆ. ಆರನೇ ನಂಬರಿಗೆ ಬಂದು 12 ಎಸೆತದಲ್ಲಿ 25 ಹೊಡೆಯುವವನು ಒಬ್ಬ. ಹತ್ತೊಂಬತ್ತನೇ ಓವರ್‌ನಲ್ಲಿ ಯಾರ್ಕರ್ ಹಾಕಿ ಎಂಟೇ ರನ್ ಕೊಡುವವನು ಒಬ್ಬ. ಇವರ ಹೆಸರು ಕ್ಯಾಂಟೀನ್ ಚರ್ಚೆಯಲ್ಲಿ ಬರೋದಿಲ್ಲ. ಟೈಗರ್ಸ್ ಕಪ್ ಗೆದ್ದ 2023ರ ತಂಡದಲ್ಲಿ ಮನೀಶ್ ಪಾಂಡೆ ನಾಯಕ ಅನ್ನೋದು ಎಲ್ಲರಿಗೂ ಗೊತ್ತು. ಅದೇ ತಂಡದಲ್ಲಿ ಬೌಲಿಂಗ್ ಮಾಡಿದ ಮನ್ವಂತ್ ಕುಮಾರ್ ಎಷ್ಟು ಜನಕ್ಕೆ ಗೊತ್ತಿತ್ತು? ಮರುವರ್ಷದ ಕೊನೆಗೆ ಡೆಲ್ಲಿ ಕ್ಯಾಪಿಟಲ್ಸ್ ಅವನನ್ನ 30 ಲಕ್ಷಕ್ಕೆ ಎತ್ತಿಕೊಂಡಿತು.

ಇಲ್ಲೇ ಒಂದು ನಿಯಮ ಇದೆ. ಪ್ರತಿ ತಂಡ ತನ್ನ ಸುತ್ತಲಿನ ವಲಯದಿಂದ ಇಬ್ಬರು ಆಟಗಾರರನ್ನ ತಗೊಳ್ಳಲೇಬೇಕು. ಕ್ಯಾಚ್‌ಮೆಂಟ್ ಆಟಗಾರರು ಅಂತಾರೆ, ಕೆರೆಗೆ ನೀರು ಬರೋ ಹಂಗ. ನಿಯಮ ಚಲೋನೇ ಅದ. ಆದರೆ ಎರಡು ಅನ್ನೋದು ಕನಿಷ್ಠ ಸಂಖ್ಯೆ. ಎರಡು ಆದ ಮೇಲೆ ಬಾಗಿಲು ಹಾಕಿ ಅಂತ ಯಾರೂ ಹೇಳಿಲ್ಲ. ಕೋಟಾ ತುಂಬಿಸಲು ಸೇರಿಸಿಕೊಂಡು ನೀರಿನ ಬಾಟಲಿ ಹೊರಿಸಿದರೆ ಅದು ಹುಡುಕಾಟ ಆಗೋದಿಲ್ಲ. ಇನ್ನೊಂದು ಮಾತು: 2022ರಿಂದ 2025ರವರೆಗೆ ನಾಲ್ಕು ಸೀಸನ್ ಆಗಿವೆ, ಪಂದ್ಯಗಳೆಲ್ಲ ನಡೆದದ್ದು ಬೆಂಗಳೂರು, ಮೈಸೂರಿನಲ್ಲಿ. ಆಗಸ್ಟ್‌ನಲ್ಲಿ ನಮ್ಮ ಕಡೆ ಜಿಟಿಜಿಟಿ ಮಳೆ ಇರ್ತದ, ಒಪ್ಪೋಣ. ಆದರೆ ರಾಜನಗರದಲ್ಲಿ ರಣಜಿ ಪಂದ್ಯ ಆಡಿಸುವಂಥ ಕೆಎಸ್‌ಸಿಎ ಮೈದಾನ ಇದೆ. ಪಂದ್ಯಾನೂ ಇಲ್ಲಿಲ್ಲ, ಹುಡುಗರೂ ಇಬ್ಬರೇ ಅಂದರೆ ಹೆಸರೊಂದು ಮಾತ್ರ ನಮ್ಮದು. ಅದೂ ಇನ್ನೂ ಹಳೇ 'ಹುಬ್ಳಿ'!

ಹುಡುಕೋದು ಅಂದರೆ ಹೆಂಗಿರಬೇಕು ಅನ್ನೋದಕ್ಕೆ ನನಗೆ ಇಷ್ಟವಾದ ಕಥೆ ಕ್ರಿಕೆಟ್ಟಿನದಲ್ಲ, ಅಮೆರಿಕನ್ ಫುಟ್ಬಾಲ್‌ನದು. ಅಲ್ಲಿ ಹರಾಜು ಇಲ್ಲ, ಡ್ರಾಫ್ಟ್ ಇದೆ. ಕಾಲೇಜುಗಳಲ್ಲಿ ಆಡುವ ಹುಡುಗರನ್ನ 32 ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಕೆಳಗೆ ಇದ್ದ ತಂಡಕ್ಕೆ ಮೊದಲ ಸರದಿ, ಗೆದ್ದವರಿಗೆ ಕೊನೇದು. ಆ ಆಟದಲ್ಲಿ 'ವೈಡ್ ರಿಸೀವರ್' ಅಂತ ಒಬ್ಬ ಇರ್ತಾನ. ಮೈದಾನದ ಅಂಚಿನಿಂದ ಓಡಿಹೋಗಿ, ದೂರದಿಂದ ಎಸೆದ ಚೆಂಡನ್ನ ಮೈಮೇಲೆ ಬೀಳೋ ಎದುರಾಳಿಗಳ ನಡುವೆ ಹಿಡಿಯೋದು ಅವನ ಕೆಲಸ.

1985ರ ಡ್ರಾಫ್ಟ್‌ಗೆ ಮೊದಲು ಸ್ಯಾನ್ ಫ್ರಾನ್ಸಿಸ್ಕೊ ತಂಡದ ಕೋಚ್ ಬಿಲ್ ವಾಲ್ಷ್‌ಗೆ ಇಂಥ ಒಬ್ಬ ಬೇಕಾಗಿತ್ತು. ಪಂದ್ಯಕ್ಕೆ ಹ್ಯೂಸ್ಟನ್‌ಗೆ ಹೋದಾಗ ರಾತ್ರಿ ಹೋಟೆಲ್ ಟಿವಿಯಲ್ಲಿ ಮಿಸಿಸಿಪ್ಪಿ ವ್ಯಾಲಿ ಸ್ಟೇಟ್ ಅನ್ನೋ ಸಣ್ಣ ಕಾಲೇಜಿನ ಹುಡುಗನೊಬ್ಬನ ಆಟ ಕಣ್ಣಿಗೆ ಬಿತ್ತು. ಹೆಸರು ಜೆರ್ರಿ ರೈಸ್. ಅಪ್ಪ ಗೌಂಡಿ, ಇಟ್ಟಿಗೆ ಕಟ್ಟುವವರು. ಮಕ್ಕಳು ಜೊತೆಗೆ ಕೆಲಸಕ್ಕೆ ಹೋಗಿ, ಅಣ್ಣತಮ್ಮಂದಿರು ಎಸೆದ ಇಟ್ಟಿಗೆ ಹಿಡಿದು ಹಿಡಿದು ಇವನ ಕೈ ಪಳಗಿತ್ತು. ಆದರೆ 40 ಗಜದ ಓಟದಲ್ಲಿ ಇವನ ಟೈಮಿಂಗ್ ಸಾಧಾರಣ, ಹಿಂಗಾಗಿ ಬೇರೆಯವರಿಗೆ ಅನುಮಾನ. ಇನ್ನಿಬ್ಬರು ರಿಸೀವರ್‌ಗಳನ್ನ ಇವನಿಗಿಂತ ಮೊದಲೇ ಆರಿಸಿದರು. ಚಾಂಪಿಯನ್ ತಂಡವಾದ ಕಾರಣ ವಾಲ್ಷ್ ಸರದಿ 28ನೇದಾಗಿತ್ತು. ಅಷ್ಟೊತ್ತು ಕಾದರೆ ಹುಡುಗ ಕೈ ತಪ್ತಾನ ಅಂತ ಇನ್ನೊಂದು ತಂಡದ ಜೊತೆ ಅದಲು ಬದಲು ಮಾಡಿಕೊಂಡು 16ನೇ ಸರದಿಯಲ್ಲಿ ಅವನನ್ನ ತಗೊಂಡರು. ಆ ಲೀಗಿನ ಇತಿಹಾಸದಲ್ಲಿ ಅತಿ ಹೆಚ್ಚು ಕ್ಯಾಚ್, ಅತಿ ಹೆಚ್ಚು ಗಜ, ಅತಿ ಹೆಚ್ಚು ಟಚ್‌ಡೌನ್ ಎಲ್ಲಾ ಇವತ್ತಿಗೂ ಜೆರ್ರಿ ರೈಸ್ ಹೆಸರಿನಲ್ಲೇ ಇವೆ.

ವಾಲ್ಷ್ ನೋಡಿದ್ದು ಪಂದ್ಯ. ಉಳಿದವರು ನೋಡಿದ್ದು ಸ್ಟಾಪ್‌ವಾಚ್. ನಮ್ಮಲ್ಲಿ 'ಟ್ಯಾಲೆಂಟ್ ಹಂಟ್' ಅಂತ ಎಲ್ಲೆಡೆ ನಡೆಯುವ ಒಂದು ದಿನದ ಟ್ರಯಲ್ಸ್ ಇದೆಯಲ್ಲ, ಅದೂ ಸ್ಟಾಪ್‌ವಾಚ್ ಥರದ್ದೇ. ನೂರಾರು ಹುಡುಗರು, ಒಬ್ಬೊಬ್ಬರಿಗೆ ನೆಟ್ಸ್‌ನಲ್ಲಿ ಹತ್ತೋ ಹನ್ನೆರಡೋ ಎಸೆತ. ಪ್ರಾಬಬಿಲಿಟಿ ಪೇಪರ್ ಬ್ಯಾಕ್ ಇರೋರೂ ಹೇಳ್ತಾರೆ, ಹನ್ನೆರಡು ಎಸೆತದ ಸ್ಯಾಂಪಲ್‌ನಿಂದ ಏನೂ ತಿಳಿಯೋದಿಲ್ಲ ಅಂತ. ಅದರಲ್ಲೂ ಕೊನೇ ಓವರ್‌ನಲ್ಲಿ ಆಡುವವನನ್ನ ನೆಟ್ಸ್‌ನಲ್ಲಿ ಅಳೆಯಲು ಬರೋದೇ ಇಲ್ಲ. ಅವನಿಗೆ ಬೇಕಾದದ್ದು ಸ್ಕೋರ್‌ಬೋರ್ಡ್ ಒತ್ತಡ, ನೆಟ್ಸ್‌ನಲ್ಲಿ ಅದು ಇರೋದಿಲ್ಲ. ನಮ್ಮ ಅಮರಗೋಳದ ಎಪಿಎಂಸಿಗೆ ಹೋಗಿ ನೋಡ್ರಿ. ಉಳ್ಳಾಗಡ್ಡಿ ಕೊಳ್ಳಾಕ ಬಂದವರು ಸವಾಲು ಕೂಗೋ ಮೊದಲು ಚೀಲದೊಳಗೆ ಕೈ ಹಾಕ್ತಾರ, ತಳದಾಗಿಂದ ಒಂದೆರಡು ತೆಗೀತಾರ, ಒತ್ತಿ ನೋಡ್ತಾರ. ಮ್ಯಾಲಿನ ಪದರ ನೋಡಿ ರೇಟ್ ಹೇಳೋರು ಆ ಮಾರ್ಕೆಟ್ಟಿನಾಗ ಬಾಳ್ವೆ ಮಾಡೋದಿಲ್ಲ.

ಕ್ರಿಕೆಟ್ಟಿನಲ್ಲಿ ಚೀಲದೊಳಗೆ ಕೈ ಹಾಕೋದು ಅಂದರೆ ಸ್ಕೋರ್‌ಬುಕ್ ತೆರೆಯೋದು. ಧಾರವಾಡ ವಲಯದ ಲೀಗ್ ಪಂದ್ಯಗಳು, ವಿಟಿಯು ಅಂತರ ಕಾಲೇಜು ಟೂರ್ನಿ, ಊರೂರಿನ ಟೆನಿಸ್ ಬಾಲ್ ಟೂರ್ನಿಗಳು. ಈಗ ಗಲ್ಲಿ ಪಂದ್ಯಕ್ಕೂ ಕ್ರಿಕ್‌ಹೀರೋಸ್ ಆ್ಯಪ್‌ನಲ್ಲಿ ಸ್ಕೋರ್ ಹಾಕೋರಿದ್ದಾರೆ, ಎಸೆತ ಎಸೆತದ ದಾಖಲೆ ಫೋನಿನಲ್ಲೇ ಇರ್ತದ. ಆದರೆ ಒಟ್ಟು ರನ್ ನೋಡಬಾರದು. 80 ಎಸೆತದಲ್ಲಿ 90 ಹೊಡೆದವನಿಗಿಂತ, ಗೆಲ್ಲಲು ಓವರಿಗೆ 11 ಬೇಕಿದ್ದಾಗ ಬಂದು ಮೂರು ಪಂದ್ಯದಲ್ಲಿ ಎರಡು ಮುಗಿಸಿದವನು ನಮಗೆ ಬೇಕಾದವನು. ಟೆನಿಸ್ ಬಾಲ್ ಅಂತ ಮೂಗು ಮುರಿಯೋರಿಗೆ ಟಿ. ನಟರಾಜನ್ ಹೆಸರು ಸಾಕು. ಸೇಲಂ ಹತ್ತಿರದ ಹಳ್ಳಿಯಲ್ಲಿ ಟೆನಿಸ್ ಬಾಲ್ ಆಡುತ್ತಿದ್ದವನು, ತಮಿಳುನಾಡು ಪ್ರೀಮಿಯರ್ ಲೀಗ್‌ನಲ್ಲಿ ಹಾಕಿದ ಯಾರ್ಕರ್ ನೋಡಿ 2017ರಲ್ಲಿ ಪಂಜಾಬ್ ತಂಡ 3 ಕೋಟಿ ಕೊಟ್ಟಿತು.

"ಅದೆಲ್ಲಾ ಖರೇ, ಆದರ ಬೆಂಗಳೂರು ಲೀಗಿನ ಮಟ್ಟ ಬ್ಯಾರೆ" ಅಂತ ಒಬ್ಬ ಗೆಳೆಯ ವಾದ ಮಾಡಿದ. ಮಾತಿನಲ್ಲಿ ಹುರುಳಿದೆ. ಅಲ್ಲಿ ಕ್ಲಬ್ ಜಾಸ್ತಿ, ಟರ್ಫ್ ಪಿಚ್ ಜಾಸ್ತಿ, ವಾರಕ್ಕೆ ಆಡುವ ಪಂದ್ಯ ಜಾಸ್ತಿ. ಇಲ್ಲಿ ಮ್ಯಾಟ್ ಮೇಲೆ ಆಡಿ ಬೆಳೆದವನು ಟರ್ಫ್‌ಗೆ ಹೊಂದಿಕೊಳ್ಳಲು ಟೈಮ್ ಬೇಕು. ನಾನು ಹೇಳೋದೂ ಅದೇ: ಆ ಟೈಮ್ ಕೊಡಲು ತಂಡದ ಕೈಯಲ್ಲಿ ಸೀಸನ್ ಇಲ್ಲದ ತಿಂಗಳುಗಳಿವೆ. ಜೂನ್ ಜುಲೈನಲ್ಲಿ ಹರಾಜಿಗೆ ಮೊದಲು ಎದ್ದು ಹುಡುಕಿದರೆ ಯಾರೂ ತಯಾರಿರೋದಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ, ಮಳೆ ಇಲ್ಲದ ನಮ್ಮ ಚಳಿಗಾಲದಲ್ಲಿ, ಹದಿನೈದು ಇಪ್ಪತ್ತು ಹುಡುಗರನ್ನ ಗುರುತಿಸಿ ಟರ್ಫ್ ಮೇಲೆ ಆಡಿಸಿದರೆ ಆಗಸ್ಟ್‌ಗೆ ನಾಲ್ಕೈದು ಜನ ನಿಲ್ತಾರೆ. ಎಲ್ಲರೂ ನಿಲ್ಲೋದಿಲ್ಲ, ನಿಲ್ಲಬೇಕಾಗೂ ಇಲ್ಲ.

ಈ ಭಾಗದ ಹುಡುಗರಲ್ಲಿ ದಮ್ ಇಲ್ಲ ಅನ್ನೋ ಮಾತನ್ನಂತೂ ನಾನು ಒಪ್ಪೋದಿಲ್ಲ. ಸುನೀಲ್ ಜೋಶಿ ಗದಗಿನವರು. ಹುಡುಗನಾಗಿದ್ದಾಗ ಬೆಳಗ್ಗೆ ಎದ್ದು ಅಂದಾಜು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಪ್ರಾಕ್ಟೀಸ್‌ಗೆ ಬಂದು, ಶಾಲೆ ಹೊತ್ತಿಗೆ ವಾಪಸ್ ಗದಗಿಗೆ ಹೋಗುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಆ ಅಂಕಿ ಇನ್ನೊಮ್ಮೆ ಓದ್ರಿ. ಇತ್ತೀಚಿನವರಲ್ಲಿ ರಾಯಚೂರಿನ ಮನೋಜ್ ಭಾಂಡಗೆ ಇದ್ದಾನೆ. ಕೊನೇ ಓವರ್‌ಗಳಲ್ಲಿ ಬಡಿಯುವ ಎಡಗೈ ಬ್ಯಾಟರ್, ಆರ್‌ಸಿಬಿ ತಂಡದಲ್ಲೂ ಇದ್ದವನು. ಅವನು ಮಹಾರಾಜ ಟ್ರೋಫಿಯಲ್ಲಿ ಆಡಿದ್ದು ಮೈಸೂರು ವಾರಿಯರ್ಸ್‌ಗೆ. ನಮಗೆ ಬೇಕಾದ ಕೆಲಸದವನು ನಮ್ಮ ಕಡೆಯವನೇ ಇದ್ದ, ಇನ್ನೊಬ್ಬರ ಮನೆಯಲ್ಲಿ ಉಂಡ.

ಇನ್ನು ನಮ್ಮ ಪಾಲಿನ ಮಾತು. ತಂಡ ಬಂದು ಹುಡುಕಬೇಕು, ಸರಿ. ಬಂದಾಗ ಹುಡುಗ ಇನ್ನೂ ಆಡ್ತಿರಬೇಕಲ್ಲ? ನಮ್ಮ ಕ್ಲಾಸಿನಲ್ಲೇ ಲೆಕ್ಕ ಹಾಕಿ. ಪಿಯುಸಿವರೆಗೆ ಲೆದರ್ ಬಾಲ್ ಆಡಿ, ಸಿಇಟಿ ಬಂತು ಅಂತ ಕಿಟ್ ಬ್ಯಾಗ್ ಅಟ್ಟಕ್ಕೆ ಹಾಕಿದವರು ಎಷ್ಟು ಜನ ಇದ್ದಾರೆ? ಕಾಲೇಜಿಗೆ ಬಂದ ಮೇಲೆ 85 ಪರ್ಸೆಂಟ್ ಅಟೆಂಡೆನ್ಸ್, ಇಂಟರ್ನಲ್ಸ್, ಲ್ಯಾಬ್. ಮಹಾರಾಜ ಟ್ರೋಫಿ ನಡೆಯೋದು ಆಗಸ್ಟ್‌ನಲ್ಲಿ, ಅಂದರ ಆಡ್ ಸೆಮ್ ನಡುವೆ. ಮನೆಯಲ್ಲಿ ಹೇಳಿದರೆ "ಮೊದ್ಲ ಡಿಗ್ರಿ ಮುಗಸಪಾ" ಅಂತಾರ. ಅವರು ತಪ್ಪು ಅಂತಲ್ಲ, ಪ್ಲೇಸ್‌ಮೆಂಟ್ ಇಲ್ಲದ ಮನೆಯ ಕಷ್ಟ ಅವರಿಗೆ ಗೊತ್ತು.

ಆದರೆ ಇದೇ ಕರ್ನಾಟಕದಲ್ಲಿ ಇ.ಎ.ಎಸ್. ಪ್ರಸನ್ನ ಭಾರತ ತಂಡಕ್ಕೆ ಆಡಿದ ಮೇಲೂ ಎಂಜಿನಿಯರಿಂಗ್ ಮುಗಿಸಲು ಹೋದರು. 1962ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದ ನಂತರ ಅವರ ಮುಂದಿನ ಟೆಸ್ಟ್ 1967ರಲ್ಲಿ. ನಡುವೆ ಹೆಚ್ಚುಕಡಿಮೆ ಐದು ವರ್ಷ ಹೋಯಿತು, ಆದರೂ ಬಂದು ಜಗತ್ತಿನ ಶ್ರೇಷ್ಠ ಆಫ್‌ಸ್ಪಿನ್ನರ್‌ಗಳಲ್ಲಿ ಒಬ್ಬರಾದರು. ಕುಂಬ್ಳೆ ಆರ್‌ವಿಯಲ್ಲಿ ಮೆಕ್ಯಾನಿಕಲ್ ಓದಿದರು, ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ. ಈಗಿನ ಕ್ರಿಕೆಟ್ ಯಾರಿಗಾಗಿಯೂ ಐದು ವರ್ಷ ಕಾಯೋದಿಲ್ಲ. 23 ವರ್ಷದ ಹೊತ್ತಿಗೆ ಹುಡುಗ ಹಳಬ. ಹಿಂಗಾಗಿ ಓದು ಮತ್ತು ಆಟ ಜೊತೆಜೊತೆಗೇ ನಡೆಯೋ ದಾರಿ ಕಾಲೇಜೇ ಮಾಡಿಕೊಡಬೇಕು. ವಲಯ ಮಟ್ಟದಲ್ಲಿ ಆಡುವವನಿಗೆ ಆ ದಿನಗಳ ಅಟೆಂಡೆನ್ಸ್, ತಪ್ಪಿದ ಇಂಟರ್ನಲ್ಸ್‌ಗೆ ಇನ್ನೊಂದು ಅವಕಾಶ. ಟೆಕ್ ಫೆಸ್ಟ್‌ಗೆ ಹೋದವರಿಗೆ ಒಡಿ ಸಿಗ್ತದ ಅಂದಮೇಲೆ ಇದೇನು ಆಕಾಶದಿಂದ ಇಳಿದ ಬೇಡಿಕೆ ಅಲ್ಲ.

ಮತ್ತೆ ಆಡದೇ ಇರೋ ನಾವು? ನಮ್ಮ ಮೈದಾನದಲ್ಲಿ ಅಂತರ ಕಾಲೇಜು ಪಂದ್ಯ ನಡೆದಾಗ ಸ್ಕೋರ್ ಬರೆಯೋರು ಸಿಗದೆ ಯಾರೋ ಒಬ್ಬ ಫಸ್ಟ್ ಇಯರ್ ಹುಡುಗನನ್ನ ಕೂರಿಸ್ತಾರೆ, ಹತ್ತು ಓವರ್ ಆದ ಮೇಲೆ ಅವನು ವಡಾಪಾವ್ ತಿನ್ನಲು ಎದ್ದು ಹೋಗ್ತಾನೆ. ಡೇಟಾ ಅನಾಲಿಟಿಕ್ಸ್ ಮಿನಿ ಪ್ರಾಜೆಕ್ಟಿಗೆ ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ಅದೇ ಹಳೇ ಡೇಟಾಸೆಟ್ ಹಿಡಿದು ಕೂರೋ ನಮಗೆ, ನಮ್ಮದೇ ವಲಯದ ಒಂದು ಸೀಸನ್‌ನ ಎಸೆತ ಎಸೆತದ ದಾಖಲೆ ಮಾಡೋದು ಅಸಾಧ್ಯ ಏನಲ್ಲ. ಇಬ್ಬರು ಸ್ಕೋರರ್, ಬೌಲರ್ ತುದಿಯ ಹಿಂದೆ ಟ್ರೈಪಾಡ್ ಮೇಲೆ ಒಂದು ಫೋನ್, ಒಂದು ಸ್ಪ್ರೆಡ್‌ಶೀಟ್. ಹದಿನಾರನೇ ಓವರ್ ನಂತರ ಯಾರು ಏನು ಮಾಡಿದರು ಅನ್ನೋ ಒಂದೇ ಕಾಲಂ ಬೇರೆ ತೆಗೆದಿಟ್ಟರೂ ಹರಾಜಿನ ಮೊದಲು ಟೈಗರ್ಸ್‌ನವರ ಕೈಗೆ ಕೊಡೋಕೆ ಒಂದು ವಸ್ತು ಆಗುತ್ತದೆ. ಕನ್ನಡ ಸಂಘ ಮತ್ತು ಸ್ಪೋರ್ಟ್ಸ್ ಕ್ಲಬ್ ಸೇರಿ ಈ ಸೆಮ್‌ನಲ್ಲೇ ಶುರು ಮಾಡಬಹುದು. ಟ್ರೈಪಾಡ್ ನನ್ನ ಹತ್ತಿರ ಇದೆ. ಮೊದಲ ಪಂದ್ಯಕ್ಕೆ ಸ್ಕೋರ್ ಬರೆಯಲು ಎರಡು ಜನ ಬೇಕು, ವಡಾಪಾವ್ ನನ್ನ ಖರ್ಚು.